ಇಬ್ಬರಿಗೇ ಗೊತ್ತಿದ್ದ ಹೆಸರು

ಹುಟ್ಟುವ ಮೊದಲೇ ಹೋದ ಮಗುವಿಗೆ ತಾನೂ ಗಂಡನೂ ಗುಟ್ಟಾಗಿ ಇಟ್ಟಿದ್ದ ಹೆಸರನ್ನು ಆಶಾರಾಣಿ ಪಾಸ್‌ವರ್ಡ್ ಜಾಗದಲ್ಲಿ ಟೈಪ್ ಮಾಡಿದಳು. ಗಂಡನ ಹಳೇ ಕಂಪ್ಯೂಟರಿನಿಂದ ಹೊರತೆಗೆದ ಬಿಟ್‌ಕಾಯಿನ್ ವಾಲೆಟ್, ಅವನ ಡಿಜಿಟಲ್ ಹಣದ ಖಾತೆ, ಥಟ್ಟನೆ ತೆರೆದುಕೊಂಡಿತು.

ದಾವಣಗೆರೆಯ ಆ ರಿಪೇರಿ ಅಂಗಡಿಯ ಗಿರೀಶ ಪರದೆಯತ್ತ ಬಗ್ಗಿದ. "ಮೇಡಂ, ಇವತ್ತು ಬೆಳಿಗ್ಗೇನ ಯಾರೋ ಇದರಾಗಿಂದ ಕಾಯಿನ್ ತಗದಾರ್ರಿ. ಪಾಸ್‌ವರ್ಡ್ ಬ್ಯಾರೆ ಯಾರಿಗೆ ಗೊತ್ತೈತೆ?"

ಅವಳು ಪರದೆಯ ಮೇಲಿನ ತಾರೀಖನ್ನು ಮತ್ತೊಮ್ಮೆ ಓದಿದಳು. ತನ್ನನ್ನು ಬಿಟ್ಟರೆ ಗೊತ್ತಿದ್ದವನು ಗಂಡ ಬಸವಕಿರಣ್ ಒಬ್ಬನೇ. ಮೂರು ವರ್ಷದ ಹಿಂದೆ ಹರಿಹರದಲ್ಲಿ ಹೊಳೆಗೆ ಈಜಲು ಇಳಿದವನ ಬಟ್ಟೆ ದಡದಲ್ಲಿ ಸಿಕ್ಕಿತ್ತು, ಹೆಣ ಸಿಕ್ಕಿರಲಿಲ್ಲ.

ಪಕ್ಕದಲ್ಲಿ ಕೂತಿದ್ದ ಅತ್ತೆ ಅನ್ನಪೂರ್ಣಮ್ಮ ಕನ್ನಡಕ ಸರಿಮಾಡಿಕೊಂಡು ಕೇಳಿದರು: "ನನ್ನ ಮಗಂದು ಏನಾರ ಸಿಕ್ತೇನವ್ವ?"

ಆಶಾರಾಣಿ ಮೆಲ್ಲಗೆ ಪರದೆಯನ್ನು ಗೋಡೆಯತ್ತ ತಿರುಗಿಸಿದಳು.

"ಏನೂ ಇಲ್ಲ ಅತ್ತಿ. ಏಳ್ರಿ, ಹೋಗಾನ."