ಶಾರದಮ್ಮ ಹಾಡು ನಿಲ್ಲಿಸಿದ ಮೇಲೆ

ಕರ್ಪೂರದ ವಾಸನೆ ಎಲ್ಲಿ ಬಂದರೂ ನನಗೆ ಸಂಜಯನಗರದ ನಮ್ಮ ಹಳೆಯ ಮನೆಯ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಪಕ್ಕದ ಮನೆಯ ಶಾರದಮ್ಮ ದಿನಾ ಮಧ್ಯಾಹ್ನ ಪೂಜೆ ಮುಗಿಸಿ ದೇವರನಾಮ ಹಾಡುತ್ತಿದ್ದರು. ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದ ನನ್ನ ಅಮ್ಮಿ ಆ ಹೊತ್ತಿಗೆ ಕಿಟಕಿ ತೆಗೆಸುತ್ತಿದ್ದಳು. ಅಪ್ಪನ ತಾಯಿ, ನಮ್ಮ ದಾದಿ, ಬಂದು ಮುಚ್ಚುತ್ತಿದ್ದಳು.

"ಅವ್ರ ದೇವ್ರ ಹಾಡು ನಮಗ್ಯಾಕೆ?"

"ನನ್ನ ನಮಾಜ್ ನಾನು ಬಿಟ್ಟಿಲ್ವಲ್ಲ. ಆ ದನಿ ಕೇಳ್ತಿದ್ರೆ ನೋವು ಸ್ವಲ್ಪ ಮರೆಯುತ್ತೆ, ತೆಗೀರಿ."

ದಾದಿ ಗೊಣಗುತ್ತಲೇ ತೆಗೆಯುತ್ತಿದ್ದಳು.

ರಂಜಾನ್‌ಗೆ ಮೊದಲೇ ಅಮ್ಮಿ ತೀರಿಕೊಂಡಳು. ಅವತ್ತಿನಿಂದ ಪಕ್ಕದ ಮನೆಯ ಹಾಡೂ ನಿಂತಿತು. ಕರ್ಪೂರದ ವಾಸನೆ ಮಾತ್ರ ಕಾಂಪೌಂಡ್ ದಾಟಿ ಬರುತ್ತಿತ್ತು. ಒಂದು ಮಧ್ಯಾಹ್ನ ದಾದಿ ಕೈಯಲ್ಲಿದ್ದ ಪ್ರಾರ್ಥನೆಯ ತಸ್ಬಿ ಮಣಿಸರವನ್ನೂ ಕೆಳಗಿಡದೆ, ನನ್ನನ್ನು ಕರೆದುಕೊಂಡು ಗೋಡೆಯ ಹತ್ತಿರ ಹೋದಳು.

"ಶಾರದಮ್ಮ, ಯಾಕೆ ಹಾಡ್ತಿಲ್ಲ?"

"ನಿಮ್ಮನೇಲಿ ಇಂಥ ದುಃಖ ಇರೋವಾಗ ಹೆಂಗೆ ಹಾಡ್ಲಿ ಅಮ್ಮಾ?"

"ಹಾಡ್ರಿ. ಈ ಹೊತ್ತಾದ್ರೆ ಕಿಟಕಿ ತೆಗೀರಿ ಅಂತ ಅವಳು ಕರೀತಾಳೇನೋ ಅಂತ ಕಾಯ್ತೀನಿ. ಆ ಮನೇಲಿ ಸುಮ್ನೆ ಕೂತ್ಕೊಳ್ಳಕ್ಕೆ ಆಗ್ತಿಲ್ಲ ನನಗೆ."

ಶಾರದಮ್ಮ ಅಲ್ಲೇ ಮೆಟ್ಟಿಲ ಮೇಲೆ ಕುಳಿತು, ಅಮ್ಮಿಗೆ ಇಷ್ಟವಾಗಿದ್ದ ಹಾಡನ್ನೇ ಶುರು ಮಾಡಿದರು. ಎರಡನೇ ಸಾಲಿನಲ್ಲೇ ಹಾಡು ನಿಲ್ಲಿಸಿದರು. ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳತೊಡಗಿದರು. ಒಳಗೆ ಹೋಗೋಣ ಎಂದು ನಾನು ದಾದಿಯ ಕೈ ಎಳೆದೆ. ಅವಳು ಕದಲಲಿಲ್ಲ. ಶಾರದಮ್ಮ ಕಣ್ಣೊರೆಸಿಕೊಂಡು ಮತ್ತೆ ಮೊದಲಿನಿಂದ ಹಾಡುವ ತನಕ ಆ ಬಿಸಿಲಲ್ಲೇ ಗೋಡೆ ಹಿಡಿದು ನಿಂತಳು. ಆಮೇಲೆ ಕಣ್ಣು ಮುಚ್ಚಿಕೊಂಡು ಕೊನೆಯವರೆಗೂ ಕೇಳಿದಳು.