ರುಚಿಪಟ್ಟಿ

ಹಿಂಡಿ ಚೀಲಕ್ಕೆ ಸಾವಿರದ ಇನ್ನೂರು ರೂಪಾಯಿ, ಎಮ್ಮೆಯ ಹಣೆಗೆ ಕಟ್ಟುವ ರುಚಿಪಟ್ಟಿಗೆ ಮುನ್ನೂರು. ಪಟ್ಟಿ ಕಟ್ಟಿದರೆ ದನಗಳು ಏನು ಹಾಕಿದರೂ ಸವಿದು ತಿನ್ನುತ್ತಿದ್ದವು. ಊರಲ್ಲಿ ಪಟ್ಟಿಯಿಲ್ಲದ ದನವೇ ಇರಲಿಲ್ಲ.

ಬೆಳಿಗ್ಗೆ ಫಕೀರವ್ವನ ಹಿರಿ ಎಮ್ಮೆ ಹಿಂಡಿ ತಿಂದು ಹೊಟ್ಟೆಯುಬ್ಬಿ ಸತ್ತಿತು. ಅವಳು ಉಳಿದೊಂದು ಎಮ್ಮೆಯನ್ನು ಹಿಂಡಿ ಅಂಗಡಿಗೇ ಎಳೆದು ತಂದಳು.

ಅಂಗಡಿಯ ಚನಬಸು ಅದರ ಮುಂದೆ ಹಿಂಡಿ ಸುರಿದ. "ನೋಡಬೇ ಯವ್ವಾ, ಹೆಂಗ ಬಾಯಿ ಚಪ್ಪರಸಾಕತ್ತೈತಿ! ನನ್ನ ಹಿಂಡಿ ಕೆಟ್ಟಿಲ್ಲ."

"ಸಾಯೂಮುಂದೂ ಆ ಹಿರೇದು ತುಟಿ ನೆಕ್ಕಾಕತ್ತಿತ್ತಲೇ!"

ಫಕೀರವ್ವ ಪಟ್ಟಿ ಕಿತ್ತಳು. ಎಮ್ಮೆ ಬಾಯಿ ಅಗಲಿಸಿ, ತಲೆ ಕೊಡವಿ, ಹಿಂಡಿಯನ್ನೆಲ್ಲ ಉಗುಳಿತು.

"ಈಗ ನೀ ಕಟ್ಕೋ. ಒಂದ್ ಹಿಡಿ ತಿನ್ನು, ಭಾಡ್ಯಾ!"

ಚನಬಸು ಹಿಂದೆ ಸರಿದ. ಅವಳು ಪಟ್ಟಿಯನ್ನು ತುಳಿದು ಪುಡಿ ಮಾಡಿದಳು.

ಒಂದು ಎಮ್ಮೆ ಹೋಯಿತು. ಉಳಿದದ್ದು ಹಾಲು ಕಡಿಮೆ ಕೊಡುತ್ತದೆ, ಆದರೆ ಬೇಡವಾದದ್ದಕ್ಕೆ ಮುಖ ತಿರುಗಿಸುತ್ತದೆ.