ಎಡಗಣ್ಣಿನ ಗುರಿ

“ಕಣ್ಣು ಮುಚ್ಚಿದ್ರಿ ಭಾವ. ಇನ್ನೊಮ್ಮೆ.”

ಕುಕ್ಕಪ್ಪ ದೂರದ ಕೊಂಬೆಯಲ್ಲಿ ತೂಗುತ್ತಿದ್ದ ಸುಲಿದ ತೆಂಗಿನಕಾಯಿಯನ್ನು ತೋರಿಸಿದ. ಕಾಯಿಗೆ ಮೂರು ಕಣ್ಣು. ಅವುಗಳಲ್ಲಿ ಒಂದನ್ನೇ ನೋಡುತ್ತಿರಬೇಕು. ಗುಂಡು ಹಾರುವ ಮೊದಲೂ, ಹಾರಿದ ಮೇಲೂ. ತಂಗಿಯ ಗಂಡ ಬೋಜಪ್ಪನಿಗೆ ಉಳಿದದ್ದು ಎಡಗಣ್ಣೊಂದೇ. ಬಲಗಣ್ಣು ಹೋದದ್ದು ಕುಕ್ಕಪ್ಪನಿಂದ.

ನಾಲ್ಕು ವರ್ಷದ ಹಿಂದೆ, ಐವತ್ತೈದನೇ ಇಸವಿಯ ಹಂದಿಬೇಟೆಯಲ್ಲಿ, ಎದುರುಬದುರು ನಿಂತ ಇಬ್ಬರ ಕೋವಿಗಳೂ ಒಟ್ಟಿಗೆ ಹಾರಿದ್ದವು. ಬೋಜಪ್ಪ ಮುಖ ಮುಚ್ಚಿಕೊಂಡು ಬಿದ್ದ. ಕುಕ್ಕಪ್ಪನ ಕೋವಿಯ ಸೀಸದ ಚರೆಗುಂಡು ಬಂಡೆಗೆ ಬಡಿದು ಅವನ ಕಣ್ಣಿಗೆ ಹಾರಿರಬೇಕು. ಬೋಜಪ್ಪ ಪುತ್ತೂರಿನ ಡಾಕ್ಟರರ ಬಳಿಯಿಂದ ಮರಳಿದಾಗ ಕುಕ್ಕಪ್ಪ ಕಾಲು ಹಿಡಿದು ಅತ್ತ. ಬೋಜಪ್ಪ ಒಂದು ಬಿರುಸು ಮಾತೂ ಆಡಲಿಲ್ಲ. ಮುಖ ತಿರುಗಿಸಿದ, ಅಷ್ಟೆ. ನಾಲ್ಕು ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಒಕ್ಕಣ್ಣನಿಗೆ ಯಾರೂ ಹೆಣ್ಣು ಕೊಡಲಿಲ್ಲ. ಕುಕ್ಕಪ್ಪ ತಂಗಿ ಸೇವಂತಿಯನ್ನೇ ಕೊಟ್ಟ. ಬೆಳ್ಳಾರೆಯ ಮೇಷ್ಟರೊಬ್ಬರ ಮೇಲೆ ಅವಳಿಗೆ ಮನಸ್ಸಿತ್ತು ಎಂಬುದು ಅವನಿಗೆ ಗೊತ್ತಿತ್ತು. ಬೋಜಪ್ಪ ‘ಬೇಡ’ ಎಂದು ಎರಡು ಸಲ ಹೇಳಿದ. ಎಂಥ ದೊಡ್ಡ ಗುಣ ಎಂದುಕೊಂಡ ಕುಕ್ಕಪ್ಪ. ಸೇವಂತಿ ಮೂರು ದಿನ ಅತ್ತು ಒಪ್ಪಿದಳು.

ಈಗ ಉಳಿದದ್ದು ಪಂದ್ಯ. ಕೈಲ್ ಮುಹೂರ್ತದ ಹಬ್ಬದಂದು ಕೋವಿಗಳಿಗೆ ಪೂಜೆಯಾದ ಮೇಲೆ ಮರದ ತುದಿಗೆ ಕಟ್ಟಿದ ಕಾಯಿಗೆ ಗುಂಡು ಹೊಡೆಯಬೇಕು. ಅಂದು ಭಾವ ಕಾಯಿ ಒಡೆದರೆ ಎದೆಯ ಭಾರ ಇಳಿದೀತು ಎಂಬ ಆಸೆ ಕುಕ್ಕಪ್ಪನಿಗೆ. ತನ್ನ ತೋಟೆ ಕೋವಿ ಕೊಡಲು ಹೋದ; ಬೋಜಪ್ಪ ಮುಟ್ಟಲಿಲ್ಲ. ಅವನದು ಹಳೆಯ ಕೇಪಿನ ಕೋವಿ, ಅಂದಿನ ಬೇಟೆಗೆ ಒಯ್ದದ್ದೂ ಅದೇ. ಕಣ್ಣಿನ ಹತ್ತಿರವೇ ತಾಮ್ರದ ಕೇಪು ಸಿಡಿದು ಮದ್ದಿಗೆ ಕಿಡಿ ತಾಗಬೇಕು. ಮದ್ದಿಲ್ಲದೆ ಬರೀ ಕೇಪು ಸಿಡಿಸಿದರೂ ಅವನು ಬೆವರುತ್ತಿದ್ದ. ಪಾಪ, ಹಳೆಯ ಹೆದರಿಕೆ. ಕುಕ್ಕಪ್ಪ ಬಿಡದೆ ಮೂರು ತಿಂಗಳು ಕಲಿಸಿದ.

ಪಂದ್ಯದ ದಿನ ಬೋಜಪ್ಪನ ರೆಪ್ಪೆ ಅಲುಗಲಿಲ್ಲ. ಕಾಯಿ ಚೂರಾಯಿತು. ಜನ ಹೋ ಎಂದರು. ಕುಕ್ಕಪ್ಪ ಅವನನ್ನು ತಬ್ಬಿಕೊಂಡು ಮಗುವಿನ ಹಾಗೆ ಅತ್ತ.

“ಸೇವಂತಿಯನ್ನು ಕೊಟ್ಟದ್ದೂ ಸಾರ್ಥಕ ಆಯ್ತು ಭಾವ. ನನ್ನ ಪಾಪ ಸ್ವಲ್ಪ ಆದ್ರೂ ಕಳೀತು.”

ಬೋಜಪ್ಪ ನೆಲ ನೋಡಿದ.

“ಎಂತ ಹೇಳುದು ಭಾವ... ಅವತ್ತೇ ಹೇಳ್ಬೇಕಿತ್ತು. ನೀವು ಬಂದು ಕಾಲು ಹಿಡಿದ್ರಿ, ನನ್ನ ಬಾಯಿ ಕಟ್ಟಿ ಹೋಯ್ತು.”

“ಎಂತದು?”

“ಡಾಕ್ಟ್ರು ಕಣ್ಣಿಂದ ತೆಗ್ದದ್ದು ನಿಮ್ಮ ಚರೆ ಅಲ್ಲ. ತಾಮ್ರದ ಚೂರು. ನನ್ನದೇ ಕೇಪಿಂದು.”